ಡ್ರಾ ಬಂತು, ಇನ್ನು ಸೋಮವಾರಕ್ಕೆ ಕಾಯೋದೇ: ವಿಂಬಲ್ಡನ್ ಪ್ರಶ್ನೋತ್ತರ

2025ರ ವಿಂಬಲ್ಡನ್ ಸೋಮವಾರ, ಜೂನ್ 30ಕ್ಕೆ ಶುರು. ಶುಕ್ರವಾರ ಡ್ರಾ (ಯಾರಿಗೆ ಯಾರು ಎದುರು ಅಂತ ಹೆಸರು ಎತ್ತಿ ಮಾಡೋ ಪಟ್ಟಿ) ಬಿಟ್ಟಾಗಿಂದ ಓದುಗರ ಪ್ರಶ್ನೆಗಳು ನಿಂತೇ ಇಲ್ಲ, ಅರ್ಧಕ್ಕರ್ಧ ಪ್ರಶ್ನೆ "ಈ ಸಲ ಯಾರು ಗೆಲ್ತಾರೆ" ಅನ್ನೋದೇ. ಅದಕ್ಕೂ ಉತ್ತರ ಕೊಟ್ಟಿದೀನಿ, ಆದ್ರೆ ಕೊನೆಗೆ. ಯಾಕಂದ್ರೆ ಗೆಲ್ಲೋರು ಯಾರು ಅನ್ನೋದು ಜುಲೈ 13ರ ವಿಷಯ, ಈಗ ನಮ್ಮ ಕೈಯಲ್ಲಿರೋದು ಮೊದಲ ಎರಡು ದಿನ, ಅದರಷ್ಟು ಚೆಂದದ ದಿನಗಳು ಟೆನಿಸ್‌ನಲ್ಲಿ ಬೇರೆ ಇಲ್ಲ.

ಪ್ರ: ಇನ್ನೂ ಒಂದು ಬಾಲ್ ಕೂಡ ಹೊಡೆದಿಲ್ಲ, ಬರೀ ಡ್ರಾ ಬಂದಿದ್ದಕ್ಕೇ ಟೆನಿಸ್ ಫ್ಯಾನ್ಸ್ ಇಷ್ಟೊಂದು ಕುಣೀತಾರಲ್ಲ ಸರ್, ಅದರಲ್ಲಿ ಅಂಥದ್ದೇನಿದೆ? ಹೆಸರು ಎತ್ತೋದು ತಾನೆ?

ಉ: ಹೆಸರು ಎತ್ತೋದೇ, ಆದ್ರೆ ಯಾರ ಹೆಸರು ಯಾರ ಪಕ್ಕ ಬಂತು ಅನ್ನೋದ್ರಲ್ಲಿ ಎರಡು ವಾರದ ಕಥೆ ಅರ್ಧ ತೀರ್ಮಾನ ಆಗಿಬಿಡತ್ತೆ. ಸಿಂಗಲ್ಸ್‌ನಲ್ಲಿ 128 ಜನ, ಕಪ್ ಎತ್ತಬೇಕು ಅಂದ್ರೆ 7 ಮ್ಯಾಚ್ ಗೆಲ್ಲಬೇಕು. ಅದರಲ್ಲಿ 32 ಜನ ಸೀಡೆಡ್, ಅಂದ್ರೆ ರ‍್ಯಾಂಕಿಂಗ್‌ನಲ್ಲಿ ಮೇಲಿರೋರು, ಅವರನ್ನ ಡ್ರಾದಲ್ಲಿ ದೂರ ದೂರ ಇಡ್ತಾರೆ. ಒಂದನೇ ಸೀಡ್ ಲಿಸ್ಟ್‌ನ ತುದಿಗೆ, ಎರಡನೇ ಸೀಡ್ ಬುಡಕ್ಕೆ, ಅಂದ್ರೆ ಅವರಿಬ್ಬರು ಫೈನಲ್‌ಗಿಂತ ಮುಂಚೆ ಎದುರಾಗೋ ಹಾಗೇ ಇಲ್ಲ. ಮೂರು ಮತ್ತು ನಾಲ್ಕನೇ ಸೀಡ್ ಯಾರ ಕಡೆಗೆ ಅನ್ನೋದು ಎತ್ತಿದ ಮೇಲೆ ಗೊತ್ತಾಗೋದು, ಐದರಿಂದ ಎಂಟು ಕೂಡ ಹಾಗೇ. ಮೊದಲು 16 ಸೀಡ್ ಮಾತ್ರ ಇದ್ದಿದ್ದು, 2001ರ ವಿಂಬಲ್ಡನ್‌ನಿಂದ 32 ಮಾಡಿದ್ರು, ದೊಡ್ಡ ಹೆಸರುಗಳು ಮೊದಲ ಎರಡು ರೌಂಡಲ್ಲೇ ಒಬ್ಬರಿಗೊಬ್ಬರು ಸಿಕ್ಕಿ ಉದುರಬಾರದು ಅಂತ. ಆದ್ರೆ ಉಳಿದ 96 ಜನಕ್ಕೆ ಯಾವ ರಕ್ಷಣೆನೂ ಇಲ್ಲ, ಅವರು ಎಲ್ಲಿ ಬೇಕಾದ್ರೂ ಬೀಳಬಹುದು.

ಅದರ ರುಚಿ ಗೊತ್ತಾಗಬೇಕು ಅಂದ್ರೆ ಹೋದ ವರ್ಷ ಪ್ಯಾರಿಸ್‌ನಲ್ಲಿ ಏನಾಯ್ತು ನೆನಪು ಮಾಡ್ಕೊಳ್ಳಿ. 14 ಸಲ ಫ್ರೆಂಚ್ ಓಪನ್ ಗೆದ್ದ ನಡಾಲ್‌ಗೆ ಗಾಯದಿಂದ ರ‍್ಯಾಂಕಿಂಗ್ ಬಿದ್ದು ಸೀಡ್ ಇರಲಿಲ್ಲ, ಡ್ರಾ ಎತ್ತಿದ್ರೆ ಮೊದಲ ರೌಂಡಲ್ಲೇ ನಾಲ್ಕನೇ ಸೀಡ್ ಜ್ವೆರೆವ್. ನಡಾಲ್ ಸೋತ, ಅದೇ ಅವನ ಕೊನೆ ಫ್ರೆಂಚ್ ಓಪನ್ ಆಯ್ತು. ಇನ್ನೊಂದು ನನಗೆ ತುಂಬ ಇಷ್ಟವಾದದ್ದು. 2010ರಲ್ಲಿ ಇದೇ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಹು ಮೊದಲ ರೌಂಡ್ ಮ್ಯಾಚನ್ನ ಮೂರು ದಿನ ಆಡಿದ್ರಲ್ಲ, 11 ಗಂಟೆ 5 ನಿಮಿಷ, ಕೊನೆ ಸೆಟ್ 70-68. ಮಾರನೇ ವರ್ಷ ಡ್ರಾ ಎತ್ತಿದ್ರೆ ಮತ್ತೆ ಮೊದಲ ರೌಂಡಲ್ಲಿ ಅವರಿಬ್ಬರೇ! ಯಾರೂ ಬೇಕು ಅಂತ ಮಾಡಿದ್ದಲ್ಲ, ಅಷ್ಟು ಜನರ ಮಧ್ಯೆ ಅದೇ ಎರಡು ಹೆಸರು ಒಟ್ಟಿಗೆ ಬಂದ್ವು. ಆ ಸಲ ಇಸ್ನರ್ ಮೂರೇ ಸೆಟ್‌ನಲ್ಲಿ ಮುಗಿಸಿದ ಅನ್ನೋದು ಬೇರೆ ಮಾತು, ಆದ್ರೆ ಆ ಡ್ರಾ ನೋಡಿದ ಕ್ಷಣಕ್ಕೆ ಟೆನಿಸ್ ನೋಡೋರೆಲ್ಲ ಹೌಹಾರಿದ್ದು ನಿಜ. ಹಾಗಾಗಿ ಕುಣಿಯೋರು ಕುಣೀಲಿ ಬಿಡಿ.

ಪ್ರ: ಅಲ್ಕರಾಜ್-ಸಿನ್ನರ್ ಫೈನಲ್ ಗ್ಯಾರಂಟಿ ಅಂತ ಎಲ್ಲರೂ ಹೇಳ್ತಿದಾರೆ, ಹಾಗಿದ್ರೆ ಮಧ್ಯದ ಎರಡು ವಾರ ಯಾಕೆ ನೋಡಬೇಕು?

ಉ: ಗ್ಯಾರಂಟಿ ಅಂತ ಯಾರು ಹೇಳಿದ್ರು? ಸಿನ್ನರ್ ಒಂದನೇ ಸೀಡ್, ಅಲ್ಕರಾಜ್ ಎರಡನೇ ಸೀಡ್, ಹಾಗೆ ಅನ್ಸೋದಕ್ಕೆ ಕಾರಣ ಇದೆ ಅನ್ನೋದನ್ನ ಒಪ್ತೀನಿ. ಜೂನ್ 8ರ ಪ್ಯಾರಿಸ್ ಫೈನಲ್ ನೋಡಿದೋರು ಇನ್ನೂ ಅದರಿಂದ ಹೊರಗೆ ಬಂದಿಲ್ಲ, ನಾನೂ ಬಂದಿಲ್ಲ. ಸಿನ್ನರ್ ಎರಡು ಸೆಟ್ ಮುಂದೆ, ನಾಲ್ಕನೇ ಸೆಟ್‌ನಲ್ಲಿ 5-3, ಅಲ್ಕರಾಜ್ ಸರ್ವ್‌ನಲ್ಲಿ 0-40, ಅಂದ್ರೆ ಮೂರು ಚಾಂಪಿಯನ್‌ಶಿಪ್ ಪಾಯಿಂಟ್, ಒಂದೇ ಒಂದು ಬಾಲ್ ಸಾಕಿತ್ತು. ಅಲ್ಲಿಂದ ಆ ಹುಡುಗ ಮೂರನ್ನೂ ಉಳಿಸಿ, ಸೆಟ್ ತಗೊಂಡು, ಐದನೇ ಸೆಟ್‌ನ ಟೈಬ್ರೇಕ್ (6-6 ಆದಾಗ ಸೆಟ್ ತೀರ್ಮಾನಕ್ಕೆ ಆಡೋ ಪಾಯಿಂಟ್‌ಗಳು) 10-2ರಲ್ಲಿ ಮುಗಿಸಿದ, ಒಟ್ಟು 5 ಗಂಟೆ 29 ನಿಮಿಷ. ಫ್ರೆಂಚ್ ಓಪನ್ ಫೈನಲ್ ಅಷ್ಟು ಉದ್ದ ಯಾವತ್ತೂ ಹೋಗಿರಲಿಲ್ಲ.

ಈಗ ಸರಿಯಾಗಿ ಮೂರು ವಾರ ಆಗಿದೆ. ಅಂಥ ಸೋಲು ತಿಂದ ಮನುಷ್ಯ ಮೂರು ವಾರದಲ್ಲಿ ಬೇರೆ ನೆಲ, ಬೇರೆ ಬೌನ್ಸ್, ಬೇರೆ ಓಟಕ್ಕೆ ಹೇಗೆ ಬರ್ತಾನೆ? ಜರ್ಮನಿಯ ಹಾಲೆಯಲ್ಲಿ ಹುಲ್ಲಿನ ಮೇಲೆ ಆಡೋಕೆ ಹೋದ ಸಿನ್ನರ್ ಎರಡನೇ ಮ್ಯಾಚಲ್ಲೇ ಬುಬ್ಲಿಕ್‌ಗೆ ಸೋತ. ಅದೇ ವಾರ ಅಲ್ಕರಾಜ್ ಲಂಡನ್ನಿನ ಕ್ವೀನ್ಸ್ ಟೂರ್ನಮೆಂಟ್ ಗೆದ್ದ, ಸತತ 18 ಮ್ಯಾಚ್ ಗೆದ್ದು ಬರ್ತಿದಾನೆ. ಸಿನ್ನರ್ ಇಲ್ಲಿ ಒಂದು ಸಲ ಸೆಮಿಫೈನಲ್ ತನಕ ಹೋಗಿದಾನೆ, 2023ರಲ್ಲಿ, ಅದಕ್ಕಿಂತ ಮುಂದೆ ಹೋಗಿಲ್ಲ. ಮಂಗಳವಾರ ಅವನು ತನ್ನ ದೇಶದವನೇ ಆದ ಲೂಕಾ ನಾರ್ಡಿ ಎದುರು ಇಳಿದಾಗ ಮೊದಲ ಮೂರು ನಾಲ್ಕು ಗೇಮ್ ಗಮನ ಇಟ್ಟು ನೋಡಿ. ಬೇಸ್‌ಲೈನ್ ಅನ್ನೋ ಕೋರ್ಟ್‌ನ ಕೊನೆ ಗೆರೆ ಬಿಟ್ಟು ಹಿಂದೆ ಹೋಗ್ತಾನಾ, 30-40ರಲ್ಲಿ ಎರಡನೇ ಸರ್ವ್‌ಗೆ ಬಂದಾಗ ಮೊದಲಿನ ಹಾಗೆ ಧೈರ್ಯವಾಗಿ ಹೊಡೀತಾನಾ, ಅಲ್ಲೇ ಗೊತ್ತಾಗತ್ತೆ ಪ್ಯಾರಿಸ್ ಇನ್ನೂ ಅವನ ತಲೆಯಲ್ಲಿ ಇದೆಯಾ ಇಲ್ವಾ ಅಂತ. ಫೈನಲ್ ದಿನ ಮಾತ್ರ ಟಿವಿ ಹಾಕಿದೋರಿಗೆ ಇದು ಸಿಗಲ್ಲ.

ಪ್ರ: ಜೊಕೊವಿಚ್‌ಗೆ ಇದೇ ಕೊನೆ ಅವಕಾಶನಾ?

ಉ: ಕೊನೆ ಅಂತ ಅವನು ಹೇಳಿಲ್ಲ, ನಾವ್ಯಾಕೆ ಹೇಳೋಣ. ಆದ್ರೆ ಒಳ್ಳೆ ಅವಕಾಶ ಎಲ್ಲಾದ್ರೂ ಇದ್ರೆ ಅದು ಇಲ್ಲೇ. ವಯಸ್ಸು 38, ಗ್ರ್ಯಾಂಡ್ ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಮೆಂಟ್) 24, ವಿಂಬಲ್ಡನ್ 7. ಇನ್ನೊಂದು ಗೆದ್ರೆ ಫೆಡರರ್‌ನ 8ಕ್ಕೆ ಸಮ. ಇಲ್ಲಿ ಈಗಾಗಲೇ 97 ಮ್ಯಾಚ್ ಗೆದ್ದಿದಾನೆ, ಮೂರನೇ ರೌಂಡ್ ದಾಟಿದ್ರೆ ನೂರು ಆಗತ್ತೆ! ಹೋದ ವರ್ಷ ಜೂನ್ ಶುರುವಲ್ಲಿ ಮಂಡಿ ಆಪರೇಷನ್ ಮಾಡಿಸ್ಕೊಂಡು ಜುಲೈನಲ್ಲಿ ಇಲ್ಲಿ ಫೈನಲ್ ಆಡಿದ, ಅದನ್ನ ಈಗ ನೆನೆಸ್ಕೊಂಡ್ರೂ ನಂಬೋಕಾಗಲ್ಲ. ಆದ್ರೆ 2023, 2024 ಎರಡೂ ಫೈನಲ್‌ನಲ್ಲಿ ಅಲ್ಕರಾಜ್ ಕೈಯಲ್ಲೇ ಸೋತಿದ್ದು, ಈ ಸಲದ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಸೋತಿದ್ದು ಸಿನ್ನರ್‌ಗೆ. ಆರನೇ ಸೀಡ್ ಆಗಿರೋ ಅವನು ಡ್ರಾದಲ್ಲಿ ಸಿನ್ನರ್ ಇರೋ ಭಾಗಕ್ಕೇ ಬಿದ್ದಿದಾನೆ, ಎಲ್ಲ ಲೆಕ್ಕದ ಪ್ರಕಾರ ನಡೆದ್ರೆ ಸೆಮಿಯಲ್ಲಿ ಸಿನ್ನರ್, ಫೈನಲ್‌ನಲ್ಲಿ ಅಲ್ಕರಾಜ್, ಇಬ್ಬರನ್ನೂ ಬೆನ್ನುಬೆನ್ನಿಗೆ ಸೋಲಿಸಬೇಕು. 2021ಕ್ಕಿಂತ ಮುಂಚೆ ಆಗಿದ್ರೆ ಗಂಡಸರ ಸೀಡಿಂಗ್ ಮಾಡುವಾಗ ಹುಲ್ಲಿನ ಮೇಲಿನ ಸಾಧನೆಗೂ ಲೆಕ್ಕ ಇರ್ತಿತ್ತು, ಅವನಿಗೆ ಇನ್ನೂ ಮೇಲಿನ ಸೀಡ್ ಸಿಗ್ತಿತ್ತೇನೋ. ಈಗ ರ‍್ಯಾಂಕಿಂಗ್ ಹೇಗಿದೆಯೋ ಹಾಗೇ. ನನಗೆ ಆ ಹಳೇ ಪದ್ಧತಿನೇ ಸರಿ ಅನ್ಸತ್ತೆ, ಹುಲ್ಲಿನ ಆಟ ಬೇರೇನೇ ಆಟ.

ಪ್ರ: ನಾನು ಫೆಡರರ್ ಅಭಿಮಾನಿ, ನನ್ನ ತಂಗಿ ನಡಾಲ್ ಅಭಿಮಾನಿ. ಇಬ್ಬರೂ ಇಲ್ಲದ ಮೇಲೆ ಟೂರ್ನಮೆಂಟ್ ಶುರು ಅಂದ್ರೂ ಮೈ ಜುಮ್ ಅನ್ನಲ್ಲ. ಯಾರಿಗೋಸ್ಕರ ನೋಡೋದು ಅಂತ ಗೊತ್ತಾಗ್ತಿಲ್ಲ.

ಉ: ಇದು ತುಂಬ ಜನರ ಕಷ್ಟ. ಫೆಡರರ್ 2022ರಲ್ಲಿ ನಿಲ್ಲಿಸಿದ, ನಡಾಲ್ ಮತ್ತು ಮರ್ರೆ 2024ರಲ್ಲಿ. ಹದಿನೈದು ಇಪ್ಪತ್ತು ವರ್ಷ ಒಬ್ಬನ ಹಿಂದೆ ಮನಸ್ಸು ಕೊಟ್ಟಿರ್ತೀವಿ, ಅವನ ಬ್ಯಾಕ್‌ಹ್ಯಾಂಡ್ ಹೇಗೆ ಬರತ್ತೆ, ಸರ್ವ್‌ಗೆ ಮುಂಚೆ ಏನೇನು ಮಾಡ್ತಾನೆ, ಯಾವ ಸ್ಕೋರ್‌ನಲ್ಲಿ ಹೆದರ್ತಾನೆ ಎಲ್ಲ ನಮಗೆ ಬಾಯಿಪಾಠ. ಆ ಜಾಗಕ್ಕೆ ಹೊಸಬರನ್ನ ತಂದು ಕೂರಿಸೋಕೆ ಹೋಗಬೇಡಿ, ಅದು ಆಗಲ್ಲ.

ನಾನು ಹೇಳೋದಿಷ್ಟು, ದೊಡ್ಡ ಹೆಸರು ಹುಡುಕಬೇಡಿ. ಮೊದಲ ರೌಂಡಿನ ಲಿಸ್ಟ್ ತೆಗೆದು ಒಂದು ಚಿಕ್ಕ ಹೆಸರು ಹಿಡ್ಕೊಳ್ಳಿ. ಈ ಸಲ ಆಲಿವರ್ ಟಾರ್ವೆಟ್ ಅಂತ ಒಬ್ಬ ಇಂಗ್ಲೆಂಡಿನ ಹುಡುಗ ಇದಾನೆ, ವಯಸ್ಸು 21, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಕಾಲೇಜ್ ಟೆನಿಸ್ ಆಡ್ತಾನೆ, ರ‍್ಯಾಂಕಿಂಗ್ 733. ಕ್ವಾಲಿಫೈಯಿಂಗ್‌ನಲ್ಲಿ ಮೂರು ಮ್ಯಾಚ್ ಗೆದ್ದು ಮೇನ್ ಡ್ರಾಗೆ, ಅಂದ್ರೆ ಆ 128 ಜನರ ಪಟ್ಟಿಗೆ, ಬಂದಿದಾನೆ. ಮೊದಲ ರೌಂಡಲ್ಲಿ ಸೋತ್ರೂ ಈ ವರ್ಷ 66,000 ಪೌಂಡ್ ಕೊಡ್ತಾರೆ, ಆದ್ರೆ ಅಮೆರಿಕದ ಕಾಲೇಜ್ ಆಟಗಾರರ ನಿಯಮದಿಂದ ಅವನು ಅದನ್ನ ಪೂರ್ತಿ ತಗೊಳ್ಳೋ ಹಾಗಿಲ್ಲ, ಖರ್ಚು ಬಿಟ್ಟು ಒಂದು ಮಿತಿ ತನಕ ಅಷ್ಟೇ. ಎದುರಾಳಿ ಲಿಯಾಂಡ್ರೊ ರೀಡಿ ಕೂಡ ಕ್ವಾಲಿಫೈಯರ್. ಇವರಿಬ್ಬರಲ್ಲಿ ಗೆದ್ದೋರಿಗೆ ಎರಡನೇ ರೌಂಡಲ್ಲಿ ಅಲ್ಕರಾಜ್ ಸಿಗಬಹುದು! ಕಾಲೇಜ್ ಹುಡುಗ ಡಿಫೆಂಡಿಂಗ್ ಚಾಂಪಿಯನ್ ಎದುರು ಹೋಗಿ ನಿಲ್ಲೋ ಸಾಧ್ಯತೆ ಇದೆ, ಇದಕ್ಕಿಂತ ಮೈ ಜುಮ್ ಅನ್ನೋ ವಿಷಯ ಬೇಕಾ? ನೀವು ಅವನನ್ನ ಹಿಡ್ಕೊಳ್ಳಿ, ತಂಗಿಗೆ ಇನ್ನೊಬ್ಬರನ್ನ ಆರಿಸ್ಕೊಳ್ಳೋಕೆ ಹೇಳಿ, ಮೊದಲ ಬಾಲ್‌ಗೇ ಜಗಳ ಶುರುವಾಗತ್ತೆ ನೋಡ್ತಿರಿ.

ಪ್ರ: ಕ್ವಾಲಿಫೈಯರ್, ವೈಲ್ಡ್ ಕಾರ್ಡ್ ಇವರೆಲ್ಲ ಯಾವತ್ತಾದ್ರೂ ಗೆದ್ದಿದಾರಾ, ಸುಮ್ಮನೆ ಲೆಕ್ಕಕ್ಕೆ ಇರ್ತಾರಾ?

ಉ: ಗೆದ್ದಿದಾರೆ. 2001ರಲ್ಲಿ ಗೊರಾನ್ ಇವಾನಿಸೆವಿಚ್ ವೈಲ್ಡ್ ಕಾರ್ಡ್ (ರ‍್ಯಾಂಕಿಂಗ್ ಸಾಲದಿದ್ರೂ ಟೂರ್ನಮೆಂಟ್‌ನವರೇ ಕರೆದು ಕೊಡೋ ಜಾಗ) ತಗೊಂಡು ಬಂದ, ಆಗ ರ‍್ಯಾಂಕಿಂಗ್ 125, ಇಲ್ಲಿ ಮೂರು ಫೈನಲ್ ಮೊದಲೇ ಸೋತಿದ್ದ, ಆ ಸಲ ಕಪ್ ಎತ್ತಿದ. 2021ರ ಯುಎಸ್ ಓಪನ್‌ನಲ್ಲಿ ಎಮ್ಮಾ ರಡುಕಾನು ಕ್ವಾಲಿಫೈಯಿಂಗ್‌ನಿಂದ ಬಂದು 10 ಮ್ಯಾಚ್ ಆಡಿ ಒಂದೂ ಸೆಟ್ ಬಿಡದೆ ಗೆದ್ಲು. ಇನ್ನು ಲಕ್ಕಿ ಲೂಸರ್ ಅಂತಾನೂ ಇದಾರೆ, ಕ್ವಾಲಿಫೈಯಿಂಗ್‌ನ ಕೊನೆ ರೌಂಡಲ್ಲಿ ಸೋತು, ಮೇನ್ ಡ್ರಾದಲ್ಲಿ ಯಾರಾದ್ರೂ ಹಿಂದೆ ಸರಿದಾಗ ಒಳಗೆ ಬರೋರು. ಹೋದ ವರ್ಷ ಮೆಪೆಶಿ ಪೆರಿಕಾರ್ ಹಾಗೇ ಬಂದು ನಾಲ್ಕನೇ ರೌಂಡ್ ತನಕ ಹೋದ. ಎತ್ತರ 2 ಮೀಟರ್‌ಗಿಂತ ಮೇಲೆ, ಅವನ ಸರ್ವ್ ಬಗ್ಗೆ ಕೆಳಗೆ ಇನ್ನೊಂದು ಪ್ರಶ್ನೆಯಲ್ಲಿ ಹೇಳ್ತೀನಿ.

ಪ್ರ: ಮಹಿಳೆಯರ ಡ್ರಾ ನೋಡಿದ್ರೆ ಏನೂ ಅರ್ಥ ಆಗಲ್ಲ. ಪ್ರತಿ ವರ್ಷ ಬೇರೆ ಬೇರೆಯವರು ಗೆಲ್ತಾರೆ, ಯಾರನ್ನ ನಂಬೋದು?

ಉ: ನಂಬೋಕೆ ಹೋಗದೇ ಇರೋದೇ ಅದರ ಸುಖ. 2015, 2016 ಎರಡು ವರ್ಷ ಸೆರೀನಾ ಗೆದ್ದಿದ್ದೇ ಕೊನೆ, ಆಮೇಲೆ ಇಲ್ಲಿ ಯಾರೂ ಎರಡನೇ ಸಲ ಕಪ್ ಎತ್ತಿಲ್ಲ. ಮುಗುರುಜಾ, ಕೆರ್ಬರ್, ಹಾಲೆಪ್, ಬಾರ್ಟಿ, ರಿಬಾಕಿನಾ, ವೊಂಡ್ರೊಸೊವಾ, ಕ್ರೆಜಿಕೋವಾ, ಏಳು ಟೂರ್ನಮೆಂಟ್ ಏಳು ಹೆಸರು (2020ರಲ್ಲಿ ಕೋವಿಡ್‌ನಿಂದ ಆಟನೇ ಇರಲಿಲ್ಲ). 2023ರಲ್ಲಿ ವೊಂಡ್ರೊಸೊವಾಗೆ ಸೀಡ್ ಕೂಡ ಇರಲಿಲ್ಲ, ಸೀಡ್ ಇಲ್ಲದೆ ಇಲ್ಲಿ ಮಹಿಳೆಯರ ಸಿಂಗಲ್ಸ್ ಗೆದ್ದ ಮೊದಲ ಆಟಗಾರ್ತಿ ಅವಳು. ಹೋದ ವರ್ಷ ಕ್ರೆಜಿಕೋವಾ 31ನೇ ಸೀಡ್. ಇದನ್ನ ನೋಡಿ ಮಹಿಳಾ ಟೆನಿಸ್‌ನಲ್ಲಿ ದೊಡ್ಡ ಆಟಗಾರ್ತಿ ಇಲ್ಲ ಅಂತ ಕೆಲವರು ಬರೀತಾರೆ, ನನಗೆ ಸಿಟ್ಟು ಬರೋದು ಅಲ್ಲೇ. ಸಬಲೆಂಕಾ ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದಿದಾಳೆ, ಸ್ವಿಯಾಟೆಕ್ ಐದು ಗೆದ್ದಿದಾಳೆ, ಗಾಫ್ ಈಗಷ್ಟೇ ಪ್ಯಾರಿಸ್ ಗೆದ್ದು ಬಂದಿದಾಳೆ, ಆದ್ರೆ ಮೂವರಿಗೂ ಇಲ್ಲಿ ಇನ್ನೂ ಫೈನಲ್ ಕೂಡ ದಕ್ಕಿಲ್ಲ. ಹುಲ್ಲು ಯಾರ ಹೆಸರನ್ನೂ ನೋಡಲ್ಲ ಅಂತ ಅರ್ಥ.

ಈ ಸಲ ಒಂದು ಮೂಲೆ ನೋಡಿ. ರಡುಕಾನು ಮೊದಲ ರೌಂಡಲ್ಲಿ ಹದಿನೇಳರ ಹುಡುಗಿ ಮಿಮಿ ಶು ಎದುರು, ಗೆದ್ರೆ ಎರಡನೇ ರೌಂಡಲ್ಲಿ ವೊಂಡ್ರೊಸೊವಾ ಸಿಗಬಹುದು, ಅದೂ ದಾಟಿದ್ರೆ ಮೂರನೇ ರೌಂಡಲ್ಲಿ ಸಬಲೆಂಕಾ. ವೊಂಡ್ರೊಸೊವಾ ಹೋದ ವಾರವಷ್ಟೇ ಬರ್ಲಿನ್‌ನಲ್ಲಿ ಸಬಲೆಂಕಾನ ಸೋಲಿಸಿ ಟೈಟಲ್ ಗೆದ್ದಿದಾಳೆ. ಅಂದ್ರೆ ಮೊದಲ ವಾರ ಮುಗಿಯೋದ್ರೊಳಗೇ ಇಷ್ಟು ಜನ ಒಬ್ಬರ ಮೇಲೊಬ್ಬರು! ಸ್ವಿಯಾಟೆಕ್ ಬಗ್ಗೆ ಯಾರೂ ಮಾತಾಡ್ತಿಲ್ಲ, 8ನೇ ಸೀಡ್ ಅಂತ ಪಕ್ಕಕ್ಕೆ ಇಟ್ಟುಬಿಟ್ಟಿದಾರೆ, ಆದ್ರೆ ಈ ವಾರ ಬಾಡ್ ಹೊಂಬರ್ಗ್‌ನಲ್ಲಿ ಹುಲ್ಲಿನ ಮೇಲೆ ಫೈನಲ್ ತನಕ ಹೋಗಿದಾಳೆ, ಜೂನಿಯರ್ ಆಗಿದ್ದಾಗ 2018ರಲ್ಲಿ ಇಲ್ಲೇ ಕಪ್ ಎತ್ತಿದಾಳೆ ಕೂಡ. ಮರೀಬೇಡಿ.

ಪ್ರ: ಸೆಂಟರ್ ಕೋರ್ಟ್‌ನಲ್ಲಿ ಮೊದಲ ಮ್ಯಾಚ್ ಯಾರು ಆಡ್ತಾರೆ ಅನ್ನೋದಕ್ಕೆ ಏನೋ ಸಂಪ್ರದಾಯ ಇದೆಯಂತೆ?

ಉ: ಹೌದು, ಸೋಮವಾರ ಹೋದ ವರ್ಷ ಗೆದ್ದ ಗಂಡಸು, ಮಂಗಳವಾರ ಹೋದ ವರ್ಷ ಗೆದ್ದ ಹೆಣ್ಣುಮಗಳು. ಅಲ್ಲಿನ ಸಮಯ ಮಧ್ಯಾಹ್ನ ಒಂದೂವರೆಗೆ ಶುರು. ಹುಲ್ಲಿನ ಮೇಲೆ ಒಂದೂ ಕಾಲಿನ ಗುರುತು ಇರಲ್ಲ, ಬೇಸ್‌ಲೈನ್ ಹತ್ರ ಕೂಡ ಹಸಿರೇ ಹಸಿರು, ಎರಡನೇ ವಾರದಲ್ಲಿ ಅದೇ ಜಾಗ ಸವೆದು ಮಣ್ಣಿನ ಬಣ್ಣ ಬಂದಿರತ್ತೆ. ಆ ಮೊದಲ ಬಾಲ್ ನೋಡೋಕೆ ನಾನು ವರ್ಷಪೂರ್ತಿ ಕಾಯ್ತೀನಿ.

ಆದ್ರೆ ಗೌರವಕ್ಕೆ ಅಂತ ಕೊಟ್ಟ ಆ ಮ್ಯಾಚ್ ಚಾಂಪಿಯನ್ನರಿಗೆ ಎಷ್ಟೋ ಸಲ ಕಂಟಕ ಆಗಿದೆ. 2003ರಲ್ಲಿ ಲೇಟನ್ ಹ್ಯೂಯಿಟ್ ಮೊದಲ ಸೆಟ್ 6-1 ಗೆದ್ದು, ಆಮೇಲೆ ಇವೊ ಕಾರ್ಲೊವಿಚ್ ಅನ್ನೋ ಉದ್ದನೇ ಮನುಷ್ಯನ ಸರ್ವ್ ಎದುರು ಮೂರು ಸೆಟ್ ಸೋತ. ಸ್ಟೆಫಿ ಗ್ರಾಫ್ 1994ರಲ್ಲಿ ಲೋರಿ ಮೆಕ್ನೀಲ್‌ಗೆ ಸೋತ್ಲು. ಹೋದ ವರ್ಷ ವೊಂಡ್ರೊಸೊವಾ ಮೊದಲ ರೌಂಡಲ್ಲೇ ಜೆಸಿಕಾ ಬೌಜಸ್ ಮನೇರೊಗೆ ಸೋತು ಹೊರಟೋದ್ಲು, ಗ್ರಾಫ್ ಆದ ಮೇಲೆ ಮಹಿಳಾ ಚಾಂಪಿಯನ್‌ಗೆ ಹಾಗಾಗಿದ್ದು ಅದೇ ಮೊದಲು. ಕಾರಣ ಕಷ್ಟ ಏನಲ್ಲ. ಹೊಸ ಹುಲ್ಲು ಜಾರತ್ತೆ, ಕಾಲು ಇನ್ನೂ ಕುದುರಿರಲ್ಲ, ಎದುರಾಳಿಗೆ ಕಳ್ಕೊಳ್ಳೋಕೆ ಏನೂ ಇರಲ್ಲ, ಚಾಂಪಿಯನ್‌ಗೆ ಮಾತ್ರ ಎಲ್ಲ ಕಣ್ಣೂ ತನ್ನ ಮೇಲೇ ಅಂತ ಗೊತ್ತಿರತ್ತೆ.

ಈ ಸಲ ಅಲ್ಕರಾಜ್ ಎದುರು ಫಾಬಿಯೊ ಫೊನಿನಿ, ಅವನಿಗೂ 38. ಮುಗಿದ ಆಟಗಾರ ಅಂತ ಬದಿಗೆ ಸರಿಸಬೇಡಿ, 2015ರ ಯುಎಸ್ ಓಪನ್‌ನಲ್ಲಿ ನಡಾಲ್ ಎದುರು ಎರಡು ಸೆಟ್ ಹಿಂದಿದ್ದು ಗೆದ್ದಿರೋ ಕೈ ಅದು. ಅವನ ಮನಸ್ಸು ಬಂದ್ರೆ ಆ ರ‍್ಯಾಕೆಟ್‌ನಿಂದ ಏನು ಬೇಕಾದ್ರೂ ಬರತ್ತೆ. ಅಲ್ಕರಾಜ್ ಗೆಲ್ತಾನೆ, ಆದ್ರೆ ಸುಲಭವಾಗಿ ಅಲ್ಲ ಅಂತ ನನ್ನ ಅನಿಸಿಕೆ. ಮಂಗಳವಾರ ಕ್ರೆಜಿಕೋವಾ ಎದುರು ಫಿಲಿಪ್ಪೀನ್ಸ್‌ನ ಅಲೆಕ್ಸಾಂಡ್ರಾ ಈಲಾ, ಇವಳು ಮಾರ್ಚ್‌ನಲ್ಲಿ ಮಯಾಮಿಯಲ್ಲಿ ಸ್ವಿಯಾಟೆಕ್‌ನ ಸೋಲಿಸಿದ ಹುಡುಗಿ, ಈ ವಾರ ಈಸ್ಟ್‌ಬೋರ್ನ್‌ನಲ್ಲಿ ಫೈನಲ್ ಆಡಿದಾಳೆ. ಕ್ರೆಜಿಕೋವಾ ಅದೇ ಈಸ್ಟ್‌ಬೋರ್ನ್‌ನಿಂದ ತೊಡೆ ನೋವು ಅಂತ ಹಿಂದೆ ಸರಿದಿದಾಳೆ. ಈ ಮ್ಯಾಚ್‌ನಲ್ಲಿ ನನಗೆ ನಿಜವಾಗ್ಲೂ ಭಯ ಇದೆ.

ಪ್ರ: ಲೈನ್ ಅಂಪೈರ್‌ಗಳು ಈ ಸಲ ಇರಲ್ವಂತೆ, ನಿಜವಾ?

ಉ: ನಿಜ. 1877ರಲ್ಲಿ ಶುರುವಾದ ಟೂರ್ನಮೆಂಟ್‌ನಲ್ಲಿ ಇದೇ ಮೊದಲ ಸಲ ಎಲ್ಲ ಕೋರ್ಟ್‌ನಲ್ಲೂ ಕ್ಯಾಮೆರಾನೇ ಔಟ್ ಹೇಳೋದು, ರೆಕಾರ್ಡ್ ಮಾಡಿಟ್ಟ ದನಿ. ಹಾಗಾಗಿ ಆಟಗಾರರು ತೀರ್ಪು ಮತ್ತೆ ನೋಡಿ ಅಂತ ಕೈ ಎತ್ತಿ ಚಾಲೆಂಜ್ ಕೇಳೋದೂ ಇಲ್ಲ. ಆಸ್ಟ್ರೇಲಿಯನ್ ಓಪನ್, ಯುಎಸ್ ಓಪನ್ ಮೊದಲೇ ಈ ದಾರಿಗೆ ಬಂದಿದ್ವು, ಈಗ ಮನುಷ್ಯರೇ ಗೆರೆ ನೋಡೋ ಗ್ರ್ಯಾಂಡ್ ಸ್ಲಾಮ್ ಅಂತ ಉಳಿದಿರೋದು ಫ್ರೆಂಚ್ ಓಪನ್ ಒಂದೇ, ಅಲ್ಲಿ ಮಣ್ಣಿನ ಮೇಲೆ ಬಾಲ್ ಬಿದ್ದ ಗುರುತು ಕಾಣತ್ತೆ. ತೀರ್ಪು ಸರಿ ಬರತ್ತೆ ಅನ್ನೋದಾದ್ರೆ ಬೇಡ ಅನ್ನೋಕಾಗಲ್ಲ. ಆದ್ರೂ ಆ ಉಡುಪು ಹಾಕ್ಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಂತಿರ್ತಿದ್ದ ಜನ ಇಲ್ಲದ ಸೆಂಟರ್ ಕೋರ್ಟ್ ಸೋಮವಾರ ಖಾಲಿ ಖಾಲಿ ಅನ್ಸತ್ತೆ, ನನಗಂತೂ ಬೇಜಾರಿದೆ.

ಪ್ರ: ಮಳೆ ಬಂದ್ರೆ?

ಉ: ಸೆಂಟರ್ ಕೋರ್ಟ್‌ಗೆ 2009ರಿಂದ, ನಂಬರ್ ಒನ್ ಕೋರ್ಟ್‌ಗೆ 2019ರಿಂದ ಛಾವಣಿ ಇದೆ. ಉಳಿದ ಕೋರ್ಟ್‌ಗಳಿಗೆ ಟಾರ್ಪಾಲೇ ಗತಿ. ಛಾವಣಿ ಇದ್ರೂ ರಾತ್ರಿ 11ರ ಮೇಲೆ ಆಡೋ ಹಾಗಿಲ್ಲ, ಅರ್ಧಕ್ಕೆ ನಿಂತ ಮ್ಯಾಚ್ ಮಾರನೇ ದಿನಕ್ಕೆ ಹೋಗತ್ತೆ.

ಪ್ರ: ಪೆಟ್ರಾ ಕ್ವಿಟೋವಾ ಬಗ್ಗೆ ಎರಡು ಮಾತು ಬರೀರಿ. ನಮ್ಮಮ್ಮ ಅವಳೊಬ್ಬಳಿಗೋಸ್ಕರ ಈ ಸಲ ಟಿವಿ ಮುಂದೆ ಕೂರ್ತಾರೆ.

ಉ: ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇದು ಕ್ವಿಟೋವಾಳ ಕೊನೆ ವಿಂಬಲ್ಡನ್, ಯುಎಸ್ ಓಪನ್ ಆದ ಮೇಲೆ ನಿಲ್ಲಿಸ್ತೀನಿ ಅಂತ ಹೇಳಿದಾಳೆ. 2011ರಲ್ಲಿ ಶರಪೋವಾನ, 2014ರಲ್ಲಿ ಬುಶಾರ್ಡ್‌ನ ಫೈನಲ್‌ನಲ್ಲಿ ಸೋಲಿಸಿದವಳು, ಆ 2014ರ ಫೈನಲ್ 55 ನಿಮಿಷಕ್ಕೆ ಮುಗಿದಿತ್ತು, 6-3, 6-0. ಎಡಗೈ ಸರ್ವ್ ಹೊರಗೆ ಹೊರಗೆ ಬಾಗಿ ಹೋಗ್ತಿತ್ತು, ಎದುರಿಗಿರೋರು ಕೋರ್ಟ್ ಬಿಟ್ಟು ಆಚೆ ಹೋಗಬೇಕು, ವಾಪಸ್ ಬರೋದ್ರೊಳಗೆ ಬಾಲ್ ಇನ್ನೊಂದು ಮೂಲೆಯಲ್ಲಿ. 2016ರ ಡಿಸೆಂಬರ್‌ನಲ್ಲಿ ಮನೆಗೆ ನುಗ್ಗಿದವನೊಬ್ಬ ಚಾಕುವಿನಿಂದ ಅದೇ ಎಡಗೈಗೆ ಗಾಯ ಮಾಡಿದ, ಆಮೇಲೆ ಆಡ್ತಾಳೋ ಇಲ್ವೋ ಅನ್ನೋ ಹಾಗಿತ್ತು. ಅಲ್ಲಿಂದ ಎದ್ದು ಬಂದು 2019ರ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದ್ಲು. ಹೋದ ವರ್ಷ ತಾಯಿ ಆದ್ಲು, ಈ ವರ್ಷ ಮತ್ತೆ ಕೋರ್ಟ್‌ಗೆ ಬಂದ್ಲು, ವಿಂಬಲ್ಡನ್ ವೈಲ್ಡ್ ಕಾರ್ಡ್ ಕೊಟ್ಟು ಕರೀತು.

ಡ್ರಾ ಮಾತ್ರ ಕರುಣೆ ತೋರಿಸಿಲ್ಲ, ಮೊದಲ ರೌಂಡಲ್ಲೇ 10ನೇ ಸೀಡ್ ಎಮ್ಮಾ ನವಾರೊ. ಗೆಲುವು ಕಷ್ಟ ಇದೆ, ಅಮ್ಮನಿಗೆ ಅದನ್ನ ಮೊದಲೇ ಹೇಳಿಬಿಡಿ. ಮ್ಯಾಚ್ ಮುಗಿದ ತಕ್ಷಣ ಟಿವಿ ಆಫ್ ಮಾಡಬೇಡಿ, ಅವಳು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಗೆ ಹೋಗೋ ತನಕ ಕೂತಿರಿ. ಅಷ್ಟು ಕೊಟ್ಟವಳಿಗೆ ಅಷ್ಟಾದ್ರೂ ಸಲ್ಲಬೇಕು.

ಪ್ರ: ಇದೇ ಮೊದಲ ಸಲ ಟೆನಿಸ್ ನೋಡ್ತಿದೀನಿ. ಮೊದಲ ದಿನ ಒಂದೇ ಟೈಮಿಗೆ ಹತ್ತಾರು ಮ್ಯಾಚ್ ನಡೆಯತ್ತಂತೆ, ಎಲ್ಲಿಂದ ಶುರು ಮಾಡಲಿ?

ಉ: ಹಿಂದಿನ ದಿನ ಸಂಜೆ ಆರ್ಡರ್ ಆಫ್ ಪ್ಲೇ ಬಿಡ್ತಾರೆ, ಯಾವ ಕೋರ್ಟ್‌ನಲ್ಲಿ ಯಾರಾದ ಮೇಲೆ ಯಾರು ಅಂತ. ಅದನ್ನ ಎದುರಿಗೆ ಇಟ್ಕೊಳ್ಳಿ. ಸೆಂಟರ್ ಕೋರ್ಟ್‌ನ ಮೊದಲ ಸೆಟ್ ನೋಡಿ, ಆಮೇಲೆ ಸ್ಕೋರ್ ಮೇಲೆ ಕಣ್ಣಿಟ್ಟಿರಿ. ಎಲ್ಲಾದ್ರೂ ಹೊರಗಿನ ಚಿಕ್ಕ ಕೋರ್ಟ್‌ನಲ್ಲಿ ಸೀಡೆಡ್ ಆಟಗಾರ ಎರಡು ಸೆಟ್ ಹಿಂದೆ ಬಿದ್ದಿದ್ರೆ, ಇಲ್ಲ ಐದನೇ ಸೆಟ್‌ಗೆ ಹೋಗಿದ್ರೆ, ಇದ್ದಿದ್ದನ್ನ ಬಿಟ್ಟು ಅಲ್ಲಿಗೆ ಹೋಗಿ. ಇಸ್ನರ್-ಮಹು ಮ್ಯಾಚ್ ನಡೆದಿದ್ದು ಕೂಡ ಹದಿನೆಂಟನೇ ನಂಬರ್ ಕೋರ್ಟ್‌ನಲ್ಲಿ, ದೊಡ್ಡ ಕೋರ್ಟ್‌ನಲ್ಲಿ ಅಲ್ಲ. ಈಗ ಅಷ್ಟು ಉದ್ದ ಹೋಗಲ್ಲ, 2022ರಿಂದ ಕೊನೆ ಸೆಟ್ 6-6 ಆದ್ರೆ 10 ಪಾಯಿಂಟ್ ಟೈಬ್ರೇಕ್. ಗಂಡಸರದ್ದು ಹೆಚ್ಚೆಂದ್ರೆ ಐದು ಸೆಟ್, ಮಹಿಳೆಯರದ್ದು ಮೂರು, ಇಷ್ಟು ಗೊತ್ತಿದ್ರೆ ಸಾಕು, ಉಳಿದದ್ದು ನೋಡ್ತಾ ನೋಡ್ತಾ ಬರತ್ತೆ.

ಮತ್ತೆ ಒಂದು ವಿಷಯ, ಹುಲ್ಲಿನ ಮೇಲೆ ಪಾಯಿಂಟ್ ಬೇಗ ಮುಗಿಯತ್ತೆ ಅಂತ ಬೋರ್ ಅನ್ಕೋಬೇಡಿ. ಹುಲ್ಲು 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರ್ತಾರೆ, ಬಾಲ್ ಎದ್ದೇಳದೆ ಕೆಳಗೇ ಜಾರಿ ಬರತ್ತೆ, ಸ್ಲೈಸ್ (ಬಾಲ್‌ನ ಕೆಳಗೆ ಕೊಯ್ದ ಹಾಗೆ) ಹೊಡೆದ್ರೆ ಇನ್ನೂ ಕೆಳಗೆ. ಆಟಗಾರರ ಮಂಡಿ ನೋಡಿ, ಯಾರು ಚೆನ್ನಾಗಿ ಬಗ್ತಾರೋ ಅವರ ಆಟ ಚೆನ್ನಾಗಿ ನಡೀತಿದೆ ಅಂತ ಅರ್ಥ.

ಪ್ರ: ಬಿಳಿ ಬಟ್ಟೆ ನಿಯಮ ಇನ್ನೂ ಯಾಕೆ?

ಉ: ಅದು ಅವರ ಗುರುತು, ಬಿಡಲ್ಲ. 2023ರಿಂದ ಮಹಿಳೆಯರು ಸ್ಕರ್ಟ್ ಒಳಗೆ ಗಾಢ ಬಣ್ಣದ ಶಾರ್ಟ್ಸ್ ಹಾಕಬಹುದು ಅಂತ ಸಡಿಲ ಮಾಡಿದ್ರು, ಮುಟ್ಟಿನ ಚಿಂತೆ ಇಲ್ಲದೆ ಆಡಲಿ ಅಂತ. ಎಷ್ಟೋ ಮೊದಲೇ ಮಾಡಬೇಕಿತ್ತು.

ಪ್ರ: ಸರಿ ಸರ್, ಈಗ ಹೇಳಿಬಿಡಿ. ಯಾರು ಗೆಲ್ತಾರೆ?

ಉ: ಗಂಡಸರಲ್ಲಿ ಅಲ್ಕರಾಜ್. ಗೆದ್ರೆ ಸತತ ಮೂರನೇದು, ಓಪನ್ ಯುಗದಲ್ಲಿ (ವೃತ್ತಿಪರರಿಗೂ ಅವಕಾಶ ಸಿಕ್ಕ 1968ರಿಂದ ಈಚೆಗೆ) ಇಲ್ಲಿ ಹಾಗೆ ಮಾಡಿರೋ ಗಂಡಸರು ಬೋರ್ಗ್, ಸಾಂಪ್ರಾಸ್, ಫೆಡರರ್, ಜೊಕೊವಿಚ್ ನಾಲ್ಕೇ ಜನ. ನೆಟ್ ದಾಟಿದ ಕೂಡಲೇ ಬೀಳೋ ಅವನ ಡ್ರಾಪ್ ಶಾಟ್ ಹುಲ್ಲಿನ ಮೇಲೆ ಸತ್ತುಬೀಳತ್ತೆ, ಅದಕ್ಕೆ ಉತ್ತರ ಇನ್ನೂ ಯಾರೂ ಹುಡುಕಿಲ್ಲ. ಮಹಿಳೆಯರಲ್ಲಿ ನನ್ನ ಮನಸ್ಸು ರಿಬಾಕಿನಾ ಕಡೆ, 11ನೇ ಸೀಡ್, 2022ರಲ್ಲಿ ಗೆದ್ದವಳು, ಆ ಸರ್ವ್ ಎರಡು ವಾರ ಕೈ ಕೊಡದಿದ್ರೆ ತಡೆಯೋರು ಕಮ್ಮಿ.

ಪ್ರ: ಸೋಮವಾರ ಒಂದೇ ಒಂದು ಮ್ಯಾಚ್ ನೋಡೋಕೆ ಟೈಮ್ ಇದೆ. ಯಾವುದು?

ಉ: ಟೇಲರ್ ಫ್ರಿಟ್ಜ್ ಮತ್ತು ಮೆಪೆಶಿ ಪೆರಿಕಾರ್. ಫ್ರಿಟ್ಜ್ ಸ್ಟಟ್‌ಗಾರ್ಟ್, ಈಸ್ಟ್‌ಬೋರ್ನ್ ಎರಡೂ ಗೆದ್ದು 5ನೇ ಸೀಡ್ ಆಗಿ ಬರ್ತಿದಾನೆ, ಅವನಿಗೆ ಮೊದಲ ರೌಂಡಲ್ಲೇ ಈ ಸರ್ವ್! ಎರಡನೇ ಸರ್ವ್ ಕೂಡ ಮೊದಲನೇದರ ಹಾಗೇ ಬೀಸ್ತಾನೆ ಪೆರಿಕಾರ್, ಡಬಲ್ ಫಾಲ್ಟ್ ಆಗಿ ಪಾಯಿಂಟ್ ಹೋದ್ರೂ ಪರವಾಗಿಲ್ಲ ಅಂತ. ಎರಡು ಟೈಬ್ರೇಕ್ ಆದ್ರೂ ಇದ್ದೇ ಇರತ್ತೆ, ಐದು ಸೆಟ್ ಹೋದ್ರೂ ಹೋಗಬಹುದು, ಟೈಮ್ ಸ್ವಲ್ಪ ಜಾಸ್ತಿನೇ ಇಟ್ಕೊಳ್ಳಿ.